ಗುರುವಾರ, ನಾಲ್ಕರಿಂದ ಏಳು

ವಸ್ತ್ರಾಪುರ, ಅಹಮದಾಬಾದ್
೮ ಜೂನ್ ೨೦೨೫, ಭಾನುವಾರ

ಪ್ರೀತಿಯ ಸೌಮ್ಯಾ,

ಬಯ್ಯಬೇಡ ಎನ್ನುವ ಮುಖ ನನಗಿಲ್ಲ. ಮೊದಲು ಬಯ್ದು ಮುಗಿಸು, ಆಮೇಲೆ ಓದು. ನಿನ್ನ ಕಾಗದ ಬಂದು ಆರು ವಾರವಾಯಿತು. ಆಮೇಲೆ ನೀನು ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ಅದು ಮೇಜಿನ ಮೇಲೆ ಬಡಕೊಳ್ಳುವುದನ್ನು ನೋಡುತ್ತ ಕೂತಿದ್ದೆ. ಕೆಲಸ ಇತ್ತು ಎಂದು ಸುಳ್ಳು ಹೇಳಬಹುದು. ಆದರೆ ಆ ಮಾತೇ ಈಗ ನನ್ನ ಬಾಯಲ್ಲಿ ಕಹಿಯಾಗುತ್ತದೆ.

ನೀವೆಲ್ಲ ಹೇಗಿದ್ದೀರಿ? ಗುವಾಹಟಿಯಲ್ಲಿ ಮಳೆ ಹಿಡಿದಿರಬೇಕು. ಇಲ್ಲಿ ನಲವತ್ತೆರಡು ಡಿಗ್ರಿ, ನಲ್ಲಿ ತಿರುಗಿಸಿದರೆ ಚಹಾ ಮಾಡಬಹುದಾದ ನೀರು. ಪ್ರವೀಣ್ ಎಂದಿನಂತೆ, ರೈಲ್ವೆಯವರ ಹೊಟ್ಟೆಯೂ ರೈಲ್ವೆಯವರ ನೆಮ್ಮದಿಯೂ. ಅಕ್ಷಯ್ ಹತ್ತನೇ ತರಗತಿ ಪಾಸಾದ, ಎಂಬತ್ತೊಂದು ಪರ್ಸೆಂಟ್. ಅವನ ಕನ್ನಡ ಮಾತ್ರ ಹಾಗೆಯೇ ಇದೆ. ಮೊನ್ನೆ 'ಅಮ್ಮ, ನನಗೆ ಊಟ ಸಾಕು ಹೋಗಿದೆ' ಅಂದ. ಪದ್ದಕ್ಕ ಇದ್ದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದರು.

ನೋಡು, ಬಂದೇಬಿಟ್ಟೆ ಅವರ ಹೆಸರಿಗೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. 'ಪದ್ದಕ್ಕ ಹೋಗುವಾಗ ಪಕ್ಕದಲ್ಲಿ ನೀನೇ ಇದ್ದೆಯಂತೆ. ಕೊನೆಗೆ ಏನಂದರು? ಒಂದು ಮಾತೂ ಬಿಡದೆ ಬರಿ.' ಬರೆಯುತ್ತೇನೆ. ಆದರೆ ಉತ್ತರವನ್ನೇ ಮೊದಲು ಬರೆದರೆ ನೀನು ಕಾಗದ ಹರಿದು ಹಾಕುತ್ತೀ. ಅದಕ್ಕೇ ನಿನಗೆ ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ, ಸಹಿಸಿಕೋ.

ಫತೇಗಂಜಿನ ಹಾಸ್ಟೆಲ್ ಬಿಟ್ಟು ವಡೋದರಾದಿಂದ ಎರಡು ಟ್ರಂಕು ಹೊತ್ತುಕೊಂಡು ಈ ಊರಿಗೆ ಕೆಲಸಕ್ಕೆ ಬಂದಾಗ ನಮಗೆ ಅನ್ನ ಹಾಕಿದವರು ಪದ್ಮಾವತಿ ಐತಾಳರು, ನಮ್ಮ ಪದ್ದಕ್ಕ. ಕೆರೆಯ ಹಿಂದಿನ ಗಲ್ಲಿಯಲ್ಲಿ ಅವರ ಊಟದ ಮನೆ, ನಾಲ್ಕು ಮೇಜು, ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಸಾರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಆ ಗಂಡ ತೀರಿಹೋದ ಕಥೆಯನ್ನು ಅವರು ನಮಗೆ ಒಂದೇ ಒಂದು ಸಲ ಹೇಳಿದ್ದರು, ನೆನಪಿದೆಯೇ? ಹೋಟೆಲಿಗೆ ಇನ್ನೊಂದು ಜಾಗ ನೋಡಲು ಸೂರತ್‌ಗೆ ಹೋದವರಿಗೆ ಅಲ್ಲೇ ಎದೆ ಹಿಡಿದುಕೊಂಡಿತು. ಆಸ್ಪತ್ರೆಯಲ್ಲಿ ಒಬ್ಬರೇ. ಪ್ರಜ್ಞೆ ಅರ್ಧ ಹೋಗಿ, ಇದ್ದಬದ್ದ ಹಿಂದಿಯೆಲ್ಲ ಮರೆತು, 'ನೋವು, ನೋವು' ಅನ್ನುತ್ತಿದ್ದರಂತೆ. ಗುಜರಾತಿಯಲ್ಲಿ 'ನವುಂ' ಅಂದರೆ ಹೊಸದು. ಪಾಪ, ನರ್ಸು ಎರಡು ಸಲ ಹೊಸ ಚಾದರ ಹಾಸಿದಳು, ಹೊಸ ದಿಂಬು ತಂದಿಟ್ಟಳು. ಸಂಜೆಯ ರೈಲಿಗೆ ಪದ್ದಕ್ಕ ಹೋಗಿ ಮುಟ್ಟುವಷ್ಟರಲ್ಲಿ ಅವರು ಆ ಇಸ್ತ್ರಿ ಮಾಡಿದ ಬಿಳಿ ಚಾದರದ ಮೇಲೆ ತಣ್ಣಗೆ ಮಲಗಿದ್ದರು.

ಅದರ ಮರುವರ್ಷವೇ ಅವರು ಸರದಿ ಶುರು ಮಾಡಿದ್ದು. ಊರಲ್ಲಿ ಯಾವ ಕನ್ನಡದವರು ಆಸ್ಪತ್ರೆ ಸೇರಿದರೂ ಪಕ್ಕದಲ್ಲಿ ಮೂರು ಮೂರು ಗಂಟೆ ಯಾರಾದರೂ ಕೂರಬೇಕು. ಅವರ ಫ್ರಿಜ್ಜಿನ ಪಕ್ಕ ಮಂಗಳೂರಿನಿಂದ ತರಿಸಿದ ಕ್ಯಾಲೆಂಡರು, ಅದರ ಒಂದೊಂದು ಚೌಕದಲ್ಲೂ ಪೆನ್ಸಿಲಿನಲ್ಲಿ ಒಂದೊಂದು ಹೆಸರು. ನಿಯಮ ಒಂದೇ: ಕನ್ನಡ ಬಲ್ಲವರೇ ಕೂರಬೇಕು. ಔಷಧಿ ಕೊಡಲು ನರ್ಸಿದ್ದಾಳೆ, ಮಾತು ಕೇಳಲು ನಾವು. ಅಕ್ಷಯ್ ಹುಟ್ಟುವ ಮೊದಲು ನಾನು ಕಾಮಾಲೆಯಲ್ಲಿ ಬಿದ್ದಿದ್ದಾಗ ಹನ್ನೊಂದು ದಿನ ಆ ಚೌಕಗಳಲ್ಲಿ ಒಂದು ಬಿಟ್ಟು ಒಂದು 'ಪದ್ದಕ್ಕ', 'ಸೌಮ್ಯಾ' ಎಂದೇ ಇತ್ತು.

ಅವರು ಈ ಊರಿಗೆ ಹೊಸದಾಗಿ ಬಂದಾಗಿನ ತಮಾಷೆಯೊಂದನ್ನು ನಮಗೆ ನೂರು ಸಲ ಹೇಳಿರಬೇಕು. ಪಕ್ಕದ ಮನೆಯ ಮಗು ಅಂಗಳದಲ್ಲಿ ನಿಂತು 'ಬಾ... ಬಾ...' ಎಂದು ಅಳುತ್ತಿತ್ತು. ತನ್ನನ್ನೇ ಕರೆಯುತ್ತಿದೆ ಅಂತ ಇವರು ಸಾರಿನ ಸೌಟು ಹಿಡಿದುಕೊಂಡೇ ಓಡಿಹೋಗಿ ಎತ್ತಿಕೊಂಡರು. ಮಗುವಿನ ತಾಯಿ ಹೊರಗೆ ಬಂದು ಬಿದ್ದು ಬಿದ್ದು ನಕ್ಕಳು. ಅದು ಕರೆದದ್ದು ಅವಳನ್ನು. ಇಲ್ಲಿ 'ಬಾ' ಅಂದರೆ ತಾಯಿ! 'ಅಷ್ಟು ಓಡಿದ್ದು ದಂಡ ಆಯ್ತಲ್ಲ ಪದ್ದಕ್ಕ' ಎಂದು ನೀನು ರೇಗಿಸಿದರೆ, ಅವರದು ಕುಂದಾಪುರದ ಅದೇ ಉತ್ತರ: 'ಯಾರನ್ ಕರ್ದ್ರೆ ಎಂತ ಮಾರಾಯ್ತಿ? ಕೇಂಡ್ಮೇಲೆ ಹೋಯ್ಕಲೆ!' ಕಿವಿಗೆ ಬಿದ್ದ ಮೇಲೆ ಹೋಗಬೇಕಲ್ಲ ಅಂತ.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ನೀನು ವರ್ಗವಾಗಿ ಹೋದ ಮೇಲೆ, ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಆಫೀಸಿನಲ್ಲಿ ತಿಂಗಳ ಸಂಬಳ ತೆಗೆದರು. ಬೋಡಕ್‌ದೇವ್‌ನ ಅದೇ ಆಫೀಸು, ಅದೇ ಕುರ್ಚಿ, ಅದೇ ಅಮೆರಿಕದವರ ಲೆಕ್ಕಪತ್ರ. ಆದರೆ ಇನ್ನು ಮುಂದೆ ಗಂಟೆ ಲೆಕ್ಕ. ಗಂಟೆಗೆ ಆರುನೂರು. ಆರು ನಿಮಿಷಕ್ಕೆ ಒಂದು ಯೂನಿಟ್. ಕಂಪ್ಯೂಟರಿನ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ. ನಾನು ಕೆಲಸದಲ್ಲಿದ್ದರೆ ಹಸಿರು, ಕೈ ನಿಲ್ಲಿಸಿದರೆ ಬೂದು. ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಯಿತು. ಮೊದಲ ತಿಂಗಳೇ ಹಿಂದಿನ ಸಂಬಳಕ್ಕಿಂತ ಹದಿನೆಂಟು ಸಾವಿರ ಹೆಚ್ಚು ಬಂತು. ಕಾಸಿಗೆ ತಕ್ಕ ಕಜ್ಜಾಯ, ಇದಲ್ಲವೇ ನ್ಯಾಯ ಅಂದುಕೊಂಡೆ.

ಆದರೆ ಆ ಚುಕ್ಕೆ ಆಫೀಸಿನಲ್ಲೇ ಉಳಿಯಲಿಲ್ಲ ಸೌಮ್ಯಾ. ಅದು ನನ್ನ ಜೊತೆ ಮನೆಗೆ ಬಂತು. ಸೊಪ್ಪು ಬಿಡಿಸುತ್ತ ಕೂತರೆ, ಇದು ನಾಲ್ಕು ಯೂನಿಟ್, ಇನ್ನೂರ ನಲವತ್ತು ರೂಪಾಯಿಯ ಪಾಲಕ್ ಎಂದು ಅನಿಸುತ್ತಿತ್ತು. ಅಮ್ಮ ಫೋನಿನಲ್ಲಿ ಅತ್ತಿಗೆಯ ಮೇಲೆ ದೂರು ಹೇಳುತ್ತಿದ್ದರೆ ಒಳಗೆ ಎಣಿಕೆ ನಡೆಯುತ್ತಿತ್ತು. ಪ್ರವೀಣ್ ಮೊದಮೊದಲು ತಮಾಷೆ ಮಾಡಿದ. 'ಮೇಡಮ್ಮೋರೇ, ಒಂದು ಯೂನಿಟ್ ಚಾ ಕುಡಿಯೋಣ್ವಾ?' ಅನ್ನುತ್ತಿದ್ದ. ಆಮೇಲೆ ತಮಾಷೆ ನಿಲ್ಲಿಸಿದ. ಅವನು ನಿಲ್ಲಿಸಿದ್ದು ಯಾವಾಗ ಎಂದು ನನಗೆ ಗೊತ್ತಾಗಲಿಲ್ಲ, ಅದೇ ಹೆದರಿಕೆಯ ವಿಷಯ.

ಹಿಂದೆ ಸರದಿಗೆ ಹೋಗುವಾಗ ಮೂರು ಗಂಟೆ ಅಂದರೆ ಮೂರು ಗಂಟೆ, ಅಷ್ಟೇ. ಸಂಬಳ ತನ್ನ ಪಾಡಿಗೆ ಒಂದನೇ ತಾರೀಖು ಬಂದು ಬೀಳುತ್ತಿತ್ತು, ನನ್ನ ಹೊತ್ತು ನನ್ನದಾಗಿರುತ್ತಿತ್ತು. ಈಗ ಆ ಮಂಚದ ಪಕ್ಕ ಕೂತರೆ ಸಾವಿರದ ಎಂಟುನೂರು ರೂಪಾಯಿ ಕಿಸೆಯಿಂದ ಬಿದ್ದುಹೋದಂತೆ. ಯಾರೂ ಕಸಿದುಕೊಂಡಿರಲಿಲ್ಲ, ಆದರೂ ಕಳಕೊಂಡಂತೆ. ಜೂನ್‌ನಲ್ಲಿ ಎರಡು ಸರದಿ ತಪ್ಪಿಸಿದೆ. ಜುಲೈಯಲ್ಲಿ ಒಂದಕ್ಕೂ ಹೋಗಲಿಲ್ಲ.

ನಾನೊಬ್ಬಳೇ ಅಲ್ಲ. ಅಚ್ಯುತ ಇದ್ದನಲ್ಲ, ಹೋಟೆಲ್ ಮ್ಯಾನೇಜರು, ಅವನ ಸಂಬಳವೂ ಹೋಗಿ ಆರ್ಡರಿಗೆ ಇಷ್ಟು ಎಂದಾಯಿತು. ಫಿಜಿಯೋಥೆರಪಿಯ ಮಹೇಶ್ ಆಸ್ಪತ್ರೆಯ ಕೆಲಸ ಬಿಟ್ಟು ಮನೆಮನೆಗೆ ಹೋಗತೊಡಗಿದ, ಒಂದು ಭೇಟಿಗೆ ಇಷ್ಟು. ಇಬ್ಬರೂ ಒಳ್ಳೆಯವರೇ. 'ಪುರುಸೊತ್ತೇ ಇಲ್ಲ ಪದ್ದಕ್ಕ' ಅನ್ನುವಾಗ ಇಬ್ಬರ ಮುಖವೂ ನನ್ನ ಮುಖದ ಹಾಗೇ ಇರುತ್ತಿತ್ತು. ಕ್ಯಾಲೆಂಡರಿನಲ್ಲಿ ಒಂದೊಂದೇ ಚೌಕ ಖಾಲಿ ಬೀಳತೊಡಗಿತು. ಪದ್ದಕ್ಕ ಆ ಖಾಲಿ ಚೌಕಗಳಲ್ಲಿ ತಮ್ಮದೇ ಹೆಸರು ಬರೆದುಕೊಂಡು, ಎಪ್ಪತ್ತಾರರ ವಯಸ್ಸಿನಲ್ಲಿ, ರಿಕ್ಷಾ ಹತ್ತಿ ಹೋಗುತ್ತಿದ್ದರು.

ಆಗ ನಾನು ಬುದ್ಧಿವಂತಿಕೆ ತೋರಿಸಿದೆ. ರಾಜ್ಯೋತ್ಸವದ ದಿನ ಕನ್ನಡ ಸಂಘದ ಸಭೆಯಲ್ಲಿ ಎದ್ದು ನಿಂತು, ಕೂರುವವರಿಗೆ ಗಂಟೆಗೆ ನೂರೈವತ್ತು ಗೌರವಧನ ಕೊಡೋಣ, ಪೆಟ್ರೋಲಿಗಾದರೂ ಆದೀತು, ಜನ ಬಂದಾರು ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪದ್ದಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದರು. ಸಭೆ ಮುಗಿದ ಮೇಲೆ ಲೋಟ ತೊಳೆಯುತ್ತ ಹೇಳಿದರು: 'ಇಷ್ಟ್ ದಿನ ಅದ್ಕೆ ಬೆಲೆ ಇರ್ಲಿಲ್ಲ ಹೆಣ್ಣೆ, ಅದ್ಕೇ ಜನ ಬರ್ತಿದ್ರ್. ಈಗ ನೂರೈವತ್ತ್ ಅಂದೆ. ಇನ್ ಎಲ್ರೂ ಹೆಚ್ಚ್ ಸಿಕ್ಕುವಲ್ಲಿಗೆ ಹೋತ್ರ್, ಕಾಣ್.'

ಹಾಗೇ ಆಯಿತು. ಧರ್ಮಕ್ಕೆ ಬರುತ್ತಿದ್ದವರೂ ನಿಂತರು. ನೂರೈವತ್ತಕ್ಕೆ ಕೂರುವವನು ಎಂದು ಅನ್ನಿಸಿಕೊಳ್ಳುವುದು ಯಾರಿಗೆ ಬೇಕು? ಮತ್ತೆ ನಾನು? ನೂರೈವತ್ತು ಎಂದು ಬೆಲೆ ಕಟ್ಟಿದವಳೇ ನಾನು. ಆರುನೂರರ ಮುಂದೆ ಅದು ನನಗೆ ಯಾವ ಲೆಕ್ಕ?

ಈ ವರ್ಷ ಏಪ್ರಿಲ್ ಎರಡಕ್ಕೆ ಪದ್ದಕ್ಕ ಕೆರೆಯ ಬಳಿ ತರಕಾರಿ ಕೊಳ್ಳುತ್ತ ಕುಸಿದರು. ಮೆದುಳಿಗೆ ಹೊಡೆತ. ಬಲಗೈ ಹೋಯಿತು. ಅದರ ಜೊತೆ ಐವತ್ತೈದು ವರ್ಷದ ಗುಜರಾತಿಯೂ ಹಿಂದಿಯೂ ಒರೆಸಿದಂತೆ ಹೋದವು. ಉಳಿದದ್ದು ಕುಂದಾಪುರದ ಕನ್ನಡ, ಅದೂ ತೊದಲು, ಬರಬರುತ್ತ ಒಂದೆರಡು ಶಬ್ದ. ಎಲ್ಲರ ಸರದಿ ನೋಡಿದವರಿಗೆ ಈಗ ಸರದಿ ಬೇಕಾಯಿತು. ಪ್ರವೀಣ್ ಆ ಕ್ಯಾಲೆಂಡರಿನಲ್ಲಿ ಹೆಸರು ತುಂಬಲು ಒಂದಿಡೀ ಸಂಜೆ ಫೋನ್ ಹಿಡಿದು ಕೂತಿದ್ದ, ಆದರೂ ಸಂಜೆ ಏಳರ ಮೇಲಿನ ಹೊತ್ತು ಖಾಲಿಯೇ ಉಳಿಯಿತು. ಗುರುವಾರ, ನಾಲ್ಕರಿಂದ ಏಳು, ನಾನು. ಆ ಚೌಕದಲ್ಲಿ ನನ್ನ ಹೆಸರು ನಾನೇ ಬರೆದೆ.

ಆ ಭಾನುವಾರ ಆಫೀಸಿರಲಿಲ್ಲ, ಹಾಗಾಗಿ ಹೋಗಿ ಕೂತಿದ್ದೆ. ನೋಡು, ನನ್ನ ಪ್ರೀತಿಗೂ ರಜಾದಿನ ಬೇಕಾಗಿತ್ತು. ಅವರು ತಮ್ಮ ತಾಯಿಯ ಕಥೆ ಹೇಳುತ್ತಿದ್ದರು. 'ಅಬ್ಬಿ... ಅಬ್ಬಿ ಗಂಜಿ...' ಎಂದು ತುಂಡು ತುಂಡಾಗಿ. ತಾಯಿಗೆ ಅವರ ಕಡೆ ಅಬ್ಬಿ ಅನ್ನುತ್ತಾರಲ್ಲ. ನಾನು ಹೂಂಗುಡುತ್ತ ಕೈಗಡಿಯಾರ ನೋಡಿದೆ. ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ ಆ ಮುದುಕಿಗೆ. 'ಗಂಟೆ ಎಂತಕ್ಕೆ ಕಾಂತೆ?' ಅಂದರು. ಆಮೇಲೆ ಎಡಗೈಯಿಂದ ನನ್ನ ಸೆರಗು ಹಿಡಿದು, 'ಗುರುವಾರ... ಬತ್ಯಲೆ?' ಎಂದು ಕೇಳಿದರು. ಬರ್ತೀನಿ ಪದ್ದಕ್ಕ, ಖಂಡಿತ ಬರ್ತೀನಿ ಅಂದೆ. ಸೆರಗು ಬಿಡಿಸಿಕೊಳ್ಳಲು ಸ್ವಲ್ಪ ಎಳೆಯಬೇಕಾಯಿತು.

ಗುರುವಾರ, ಏಪ್ರಿಲ್ ಹತ್ತು. ಸರದಿಗೆಂದು ಬೇಗ ಮನೆಗೆ ಬಂದಿದ್ದೆ. ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಆಫೀಸಿನ ಸಂದೇಶ ಬಂತು. ಅಮೆರಿಕದವರ ತೆರಿಗೆಯ ಕೊನೇ ದಿನ ಹದಿನೈದು, ಇವತ್ತು ನಾಲ್ಕರಿಂದ ಎಂಟರವರೆಗೆ ಕೂರುವವರಿಗೆ ಒಂದೂವರೆ ಪಟ್ಟು. ಗಂಟೆಗೆ ಒಂಬೈನೂರು.

ನಾನು ಯೋಚಿಸಲಿಲ್ಲ, ಲೆಕ್ಕ ಹಾಕಿದೆ. ಆ ಆಸ್ಪತ್ರೆಯ ಗೇಟಿನಲ್ಲಿ ಹಂಸಾಬೆನ್ ಎಂಬ ಆಯಾ ಸಿಗುತ್ತಾಳೆ, ಗಂಟೆಗೆ ನೂರೈವತ್ತು, ಅತ್ತೆಯ ಆಪರೇಷನ್ನಿನಲ್ಲಿ ನೋಡಿಕೊಂಡಿದ್ದಳು. ರೋಗಿಯನ್ನು ಹೊರಳಿಸುವುದು, ಒರೆಸುವುದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು. ಮೂರು ಗಂಟೆಗೆ ಅವಳಿಗೆ ನಾನೂರೈವತ್ತು, ನನಗೆ ಎರಡು ಸಾವಿರದ ಏಳುನೂರು. ಪದ್ದಕ್ಕನಿಗೂ ಲಾಭ, ಹಂಸಾಬೆನ್‌ಗೂ ಲಾಭ, ನನಗೂ ಲಾಭ. ಅವಳಿಗೆ ಕನ್ನಡ ಬಾರದು ಎಂಬುದು ಆ ಲೆಕ್ಕದಲ್ಲಿ ಯಾವ ಮನೆಗೂ ಸೇರಲಿಲ್ಲ. ಫೋನ್ ಮಾಡಿದೆ, ಒಪ್ಪಿದಳು, ಹಣ ಕಳಿಸಿದೆ. ಯಾರಿಗೂ ಹೇಳಲಿಲ್ಲ, ಪ್ರವೀಣ್‌ಗೂ.

ಸ್ಕೂಟರು ಕೆರೆಯ ಸಿಗ್ನಲ್ಲಿನಲ್ಲಿ ನಿಂತಿತ್ತು. ಎಡಕ್ಕೆ ಆಸ್ಪತ್ರೆ, ನೇರ ಹೋದರೆ ಬೋಡಕ್‌ದೇವ್. ಕೆಂಪು ದೀಪ ಎಷ್ಟು ಹೊತ್ತಾದರೂ ಹೋಗಲಿಲ್ಲ. ಹಿಂದಿನವನು ಹಾರ್ನ್ ಹೊಡೆದ. ನೇರ ಹೋದೆ.

ಫೋನ್ ಡ್ರಾಯರಿನೊಳಗಿತ್ತು. ಫೋನ್ ಹಿಡಿದರೆ ಚುಕ್ಕೆ ಬೂದಾಗುತ್ತದಲ್ಲ. ಎಂಟಕ್ಕೆ ತೆಗೆದರೆ ಹಂಸಾಬೆನ್‌ಳ ಹನ್ನೊಂದು ಕರೆ. ಆರು ಇಪ್ಪತ್ತಕ್ಕೇ ಮುಗಿದಿತ್ತು.

ನಾನು ಓಡಿಹೋದಾಗ ಹಂಸಾಬೆನ್ ಇನ್ನೂ ಅಲ್ಲೇ ಇದ್ದಳು, ಪದ್ದಕ್ಕನ ತಲೆಗೂದಲು ಬಾಚಿ, ಹಣೆ ಒರೆಸಿ. ಏಳಕ್ಕೇ ಹೋಗಬಹುದಿತ್ತು. ಪರ್ಸಿಗೆ ಕೈ ಹಾಕಿದರೆ ನನ್ನ ಕೈ ತಡೆದಳು. 'ರಹನೇ ದೋ ಬೆನ್. ಸಾತ್ ಬಜೇ ತಕ್ ಆಪ್ ಕಾ, ಉಸ್ ಕೇ ಬಾದ್ ಮೇರಾ.' ಏಳರವರೆಗಿನದು ನಿಮ್ಮದು, ಆಮೇಲಿನದು ನನ್ನದು ಅಂತ. ಹುಟ್ಟಿದಾಗಿನಿಂದ ಗಂಟೆ ಲೆಕ್ಕದಲ್ಲೇ ಬದುಕಿದವಳು ಅವಳು ಸೌಮ್ಯಾ! ನನಗೆ ಆಫೀಸನ್ನು ಬಯ್ಯುವ ದಾರಿಯನ್ನೂ ಅವಳು ಉಳಿಸಲಿಲ್ಲ. ನಾನು ಅಳುವುದನ್ನು ನೋಡಿ ಸಮಾಧಾನ ಹೇಳಿದಳು: 'ಶಾಂತಿ ಸೇ ಗಯೀ. ಆಖಿರ್ ತಕ್ ಅಪನೀ ಮಾಂ ಕೋ ಬುಲಾ ರಹೀ ಥೀ.'

ಅಷ್ಟರಲ್ಲಿ ಪ್ರವೀಣ್ ಬಂದ, ಅಚ್ಯುತ ಬಂದ. ನಾನು ಮಂಚದ ಪಕ್ಕದಲ್ಲಿದ್ದೆ, ಚೌಕದಲ್ಲಿ ನನ್ನ ಹೆಸರಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. 'ತಾಯಿಯನ್ನು ಕರೀತಾ ಹೋದರಂತೆ' ಎಂದಷ್ಟೇ ಅಂದೆ. ಹದಿಮೂರನೇ ದಿನ ಸಂಘದ ಶ್ರದ್ಧಾಂಜಲಿಯಲ್ಲಿ ಅಚ್ಯುತ ಮೈಕಿನಲ್ಲಿ, 'ನಮ್ಮ ಮೇಘನಾ ಕೈ ಹಿಡಿದು ಕೂತಿದ್ದಳು, ಪದ್ದಕ್ಕ ತಾಯಿಯನ್ನು ನೆನೆಯುತ್ತ ಹೋದರು, ಎಂಥ ಪುಣ್ಯ' ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಹೆಗಲು ಮುಟ್ಟಿಕೊಳ್ಳುವ ಧೈರ್ಯವೂ ನನಗಿರಲಿಲ್ಲ. ನಿನಗೆ ತಲುಪಿದ ಸುದ್ದಿ ಅದು.

ಇದೀಗ ಉತ್ತರ: ಪಕ್ಕದಲ್ಲಿ ನಾನಿರಲಿಲ್ಲ. ಪ್ರವೀಣ್‌ಗೆ ನಿನ್ನೆ ಹೇಳಿದೆ. ಎದ್ದುಹೋಗಿ ಬಾಲ್ಕನಿಯಲ್ಲಿ ನಿಂತ. ಇವತ್ತು ಮೊದಲ ಬಾರಿಗೆ ಚಹಾ ಅವನೊಬ್ಬನೇ ಮಾಡಿಕೊಂಡು ಕುಡಿದ.

ಆ ಕ್ಯಾಲೆಂಡರು ಈಗ ನಮ್ಮ ಅಡುಗೆಮನೆಯಲ್ಲಿದೆ. ಜೂನ್ ತಿಂಗಳು ಪೂರಾ ಬಿಳಿ. ಮೊನ್ನೆ ಮಹೇಶ್ ಫೋನ್ ಮಾಡಿ, ಮಣಿನಗರದಲ್ಲಿ ಒಬ್ಬರು ಭಟ್ಟರನ್ನು ಆಸ್ಪತ್ರೆಗೆ ಸೇರಿಸಿದ್ದಾರೆ, ಯಾರೂ ಇಲ್ಲ ಅಂದ. ನನ್ನ ಬಾಯಿಂದ ಹೊರಟ ಮೊದಲ ಮಾತು, 'ಎಷ್ಟು ಗಂಟೆ?' ಅವರಿಗೆ ಏನಾಗಿದೆ ಎಂದಲ್ಲ, ಎಷ್ಟು ಗಂಟೆ. ಹೋಗಿ ಕೂತು ಬಂದೆ. ಆದರೆ ಕೂತಷ್ಟು ಹೊತ್ತೂ ಒಳಗೆ ಅದು ಓಡುತ್ತಲೇ ಇತ್ತು. ಇದು ಇನ್ನು ನಿಲ್ಲುವುದಿಲ್ಲವೇನೋ ಎಂದು ಭಯವಾಗುತ್ತದೆ. ಈ ಕಾಗದಕ್ಕೆ ಕೂತು ಇಪ್ಪತ್ತಮೂರು ಯೂನಿಟ್ ಆಯಿತು. ನೋಡಿದೆಯಾ, ಎಣಿಸಿಬಿಟ್ಟೆ.

ನಿನ್ನ ವರ್ಷಿಣಿಗೆ ನನ್ನ ಆಶೀರ್ವಾದ. ಅವಳು ಏನು ಓದಿದರೂ ಓದಲಿ, ಯಾರಾದರೂ ಕರೆದರೆ ಗಡಿಯಾರ ನೋಡದೆ ಓಡುವ ಹುಡುಗಿಯಾಗಲಿ. ನೀನು ಆರೋಗ್ಯವಾಗಿರು. ಮನಸ್ಸಾದರೆ ಎರಡು ಸಾಲು ಬರಿ. ಆಗದಿದ್ದರೆ, ನಿನ್ನ ಮೌನವನ್ನೂ ಉತ್ತರವೆಂದೇ ತಿಳಿಯುತ್ತೇನೆ.

ನಿನ್ನ,
ಮೇಘನಾ

ಮರೆತದ್ದಲ್ಲ, ತಡೆದಿಟ್ಟದ್ದು: ಒಂದು ಮಾತೂ ಬಿಡಬೇಡ ಅಂದಿದ್ದೆ. ಅದಕ್ಕೇ ಶುಕ್ರವಾರ ಹಂಸಾಬೆನ್‌ಳನ್ನು ಹುಡುಕಿಕೊಂಡು ಹೋಗಿ ಕೇಳಿದೆ, ತಾಯಿಯನ್ನು ಏನೆಂದು ಕರೆದರು, 'ಅಬ್ಬಿ' ಎಂದೇ? ಅವಳು ಇಲ್ಲವೆಂದು ತಲೆಯಾಡಿಸಿದಳು. 'ಇಷ್ಟು ವರ್ಷ ಇಲ್ಲಿದ್ದವರಲ್ಲವೇ, ನಮ್ಮ ಹಾಗೇ ಕರೆದರು' ಎಂದು ಹೆಮ್ಮೆಯಿಂದ ಹೇಳಿದಳು. ನಾಲ್ಕು ಗಂಟೆಯಿಂದಲೇ ಶುರುವಂತೆ. ಬಾಗಿಲ ಕಡೆ ನೋಡುತ್ತ, ಎಡಗೈ ಎತ್ತಿ ಎತ್ತಿ, 'ಬಾ... ಬಾ...' ನಾನು ಅವಳಿಗೆ ಅರ್ಥ ಹೇಳಲಿಲ್ಲ ಸೌಮ್ಯಾ, ಹೇಗೆ ಹೇಳಲಿ? ನೋಡಲಾರದೆ ಕೊನೆಗೆ ಅವಳೇ ತಾಯಿಯಾಗಿ ಕೈ ಹಿಡಿದುಕೊಂಡು ಓಗೊಟ್ಟಳಂತೆ: 'ಆವುಂ ಛುಂ, ದೀಕರೀ, ಆವುಂ ಛುಂ.' ಬರ್ತಾ ಇದ್ದೀನಿ ಮಗಳೇ, ಬರ್ತಾ ಇದ್ದೀನಿ. ಆಮೇಲೆ ಪದ್ದಕ್ಕ ಕೈ ಇಳಿಸಿದರಂತೆ. ನಾನು ಕೊಡಬೇಕಾಗಿದ್ದ ಉತ್ತರವನ್ನು ಅವಳು ಕೊಟ್ಟಳು, ಪ್ರಶ್ನೆಯೇ ತಿಳಿಯದೆ, ಗಂಟೆಗೆ ನೂರೈವತ್ತಕ್ಕೆ.